ಬಾಡಿಗೆಗಿರುವ ಹುಡುಗಿ

ಆ ಮನೆಯಲ್ಲಿ ಮೊಟ್ಟೆ ಹಂಚುವುದಕ್ಕೂ ಒಂದು ಕ್ರಮವಿತ್ತು. ಕೆಲಸಕ್ಕೆ ಹೋಗುವವರಿಗೆ ಇಡೀ ಮೊಟ್ಟೆ, ಮನೆಯಲ್ಲಿರುವವರಿಗೆ ಅರ್ಧ. ಓದುವವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಅನ್ನುವುದು ಮಾತ್ರ ಎಂದೂ ತೀರ್ಮಾನವಾಗಿರಲಿಲ್ಲ. ಓದುತ್ತಿದ್ದ ಹುಡುಗಿ ಗುಬ್ಬಿಗೆ ಒಂದು ದಿನ ಇಡೀ ಮೊಟ್ಟೆ ಬಂದರೆ ಇನ್ನೊಂದು ದಿನ ಅರ್ಧ ಬರುತ್ತಿತ್ತು. ದೊಡ್ಡಪ್ಪನ ಬಲಭುಜ ಹಿಡಿದುಕೊಂಡು ಕೆಲವು ತಿಂಗಳಾಗಿದ್ದವು. ಒಂದು ಬೆಳಿಗ್ಗೆ ಅವರು ತಮ್ಮ ಮೊಟ್ಟೆಯನ್ನು ಚಮಚದಿಂದ ಸೀಳಿ ಅರ್ಧವನ್ನು ಅವಳ ತಟ್ಟೆಗೆ ಜಾರಿಸಿದರು.

"ಇದ್ಯಾಕೆ ದೊಡ್ಡಪ್ಪ?"

"ನಾನೀಗ ಅರ್ಧ ಗೋಡೆ ಪೇಂಟರ್ ಅಲ್ವಾ? ಅರ್ಧ ಮೊಟ್ಟೆ ಸಾಕು."

ದೊಡ್ಡಪ್ಪ ಮನೆಗಳಿಗೆ ಬಣ್ಣ ಬಳಿಯುವವರು. ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲವಾದ್ದರಿಂದ ಗೋಡೆಯ ಕೆಳಭಾಗವನ್ನಷ್ಟೇ ಬಳಿದು, ಮೇಲಿನದಕ್ಕೆ ಬೇರೆಯವನನ್ನು ಕರೆದು ಕೂಲಿ ಹಂಚಿಕೊಳ್ಳುತ್ತಿದ್ದರು. ಕಾಂಟ್ರಾಕ್ಟರಿಗೆ ಈ ವಿಷಯ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಅವರು ಸೈಟಿನಲ್ಲಿ ಎಡಗೈಯಲ್ಲೇ ನಮಸ್ಕಾರ ಹೊಡೆಯುವುದನ್ನು ಕಲಿತಿದ್ದರು.

ಗುಬ್ಬಿ ಆ ಮನೆಯಲ್ಲಿ ಹುಟ್ಟಿದವಳಲ್ಲ. ದೊಡ್ಡಮ್ಮನ ತಂಗಿಯ ಮಗಳು. ತಂದೆಯನ್ನು ಅವಳು ನೋಡಿಯೇ ಇರಲಿಲ್ಲ. ಮೂರು ವರ್ಷದವಳಿದ್ದಾಗ ತಾಯಿಯೂ ಕಾಯಿಲೆಯಲ್ಲಿ ತೀರಿಕೊಂಡಳು. ಆಸ್ಪತ್ರೆಯಿಂದ ಹಿಂದಿರುಗುವಾಗ ದೊಡ್ಡಮ್ಮ ಒಂದು ಕೈಯಲ್ಲಿ ತಂಗಿಯ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಬಂದಳು. ಆ ದಿನದಿಂದ ಇದೇ ಅವಳ ಮನೆ. ದೊಡ್ಡಮ್ಮನ ಮಗ ಅವಳಿಗೆ ಅಣ್ಣ, ದೊಡ್ಡಪ್ಪನ ತಾಯಿ ಅಜ್ಜಿ. ಈಗ ಗುಬ್ಬಿ ವಿಶ್ವವಿದ್ಯಾಲಯದಲ್ಲಿ ಕಿವಿ ಕೇಳಿಸದವರಿಗೆ, ಮಾತು ತೊದಲುವವರಿಗೆ ಚಿಕಿತ್ಸೆ ಕೊಡುವ ಕೋರ್ಸು ಓದುತ್ತಿದ್ದಳು. ಮನೆಯಲ್ಲಿ ಪ್ರಯೋಗಕ್ಕೆ ಸಿಗುತ್ತಿದ್ದವಳು ಅಜ್ಜಿ ಒಬ್ಬಳೇ.

"ನನ್ನ ಕಿವಿಗೇನೂ ಆಗಿಲ್ಲ ಕಣೇ. ಈ ಮನೇಲಿ ಕೇಳೋ ಅಂಥ ಮಾತು ಯಾರೂ ಆಡಲ್ಲ, ಅಷ್ಟೇ," ಎನ್ನುತ್ತಿದ್ದಳು ಅಜ್ಜಿ.

ಮೊದಲ ವರ್ಷದ ಫೀಸನ್ನು ಅಣ್ಣ ಕಟ್ಟಿದ್ದ. ಅವನು ಬೇಕರಿಯೊಂದರ ವ್ಯಾನ್ ಓಡಿಸುತ್ತಿದ್ದ. ಸ್ವಂತಕ್ಕೊಂದು ಹಳೆಯ ವ್ಯಾನ್ ಕೊಳ್ಳಲೆಂದು ಕೂಡಿಟ್ಟಿದ್ದ ಹಣವೆಲ್ಲ ಅಲ್ಲಿಗೇ ಖಾಲಿಯಾಗಿತ್ತು. ಎರಡನೇ ವರ್ಷದ ಫೀಸಿನ ನೋಟೀಸು ಬಂದ ದಿನ ಊಟದ ಮೇಜಿನ ಸುತ್ತ ಕೂತವರೆಲ್ಲ ಅದನ್ನೇ ಕೈಯಿಂದ ಕೈಗೆ ದಾಟಿಸಿದರು. ದೊಡ್ಡಮ್ಮ ಮಾತ್ರ, "ಅನ್ನ ಆರಿಹೋಗುತ್ತೆ, ಉಣ್ಣಿ ಮೊದಲು. ನಾನು ಡಬಲ್ ಡ್ಯೂಟಿ ಕೇಳ್ತೀನಿ," ಎಂದಳು. ಅವಳದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಒದ್ದೆ ಬೆಡ್‌ಶೀಟುಗಳನ್ನು ಒಂದಾದ ಮೇಲೊಂದು ಬಿಸಿ ರೋಲರಿಗೆ ಕೊಡಬೇಕು. ಒಂದು ಡ್ಯೂಟಿ ಮುಗಿಸಿ ಬಂದರೇ ಅವಳ ಮುಖ ಬೇಯಿಸಿದ ಹಾಗೆ ಕೆಂಪಾಗಿರುತ್ತಿತ್ತು.

ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ನೆರವು ಕೊಡುವ ಕಚೇರಿ ಇತ್ತು. ದೊಡ್ಡಮ್ಮ ಡ್ಯೂಟಿಗೆ ಹೋಗಿದ್ದ ಒಂದು ಸಂಜೆ ಗುಬ್ಬಿ ಮತ್ತು ಅಣ್ಣ ಕೂತು ಅದರ ನಿಯಮಗಳನ್ನು ಓದಿದರು. ಮನೆಯವರ ಹೋದ ವರ್ಷದ ಸಂಪಾದನೆ ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ನೆರವಿಲ್ಲ. ಹೋದ ವರ್ಷ ದೊಡ್ಡಪ್ಪನ ಭುಜ ಚೆನ್ನಾಗಿತ್ತು. ಮೂವರ ದುಡಿಮೆ ಸೇರಿಸಿದರೆ ಮಿತಿಯನ್ನು ಸ್ವಲ್ಪ ದಾಟುತ್ತಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಹಿಂದೆ ಮುಂದೆ ಯಾರೂ ಇಲ್ಲದ ವಿದ್ಯಾರ್ಥಿಗಳಿಗೆ ಪೂರ್ತಿ ಫೀಸು ಮನ್ನಾ.

ಅಣ್ಣ ಆ ಸಾಲನ್ನು ಎರಡು ಸಲ ಓದಿದ.

"ಇದರಲ್ಲಿ ಹಾಕು," ಎಂದ.

"ಏನಂತ?"

"ಅಪ್ಪ ಅಮ್ಮ ಇಲ್ಲ. ಬಾಡಿಗೆಗೆ ಇದೀನಿ. ಅರ್ಧ ನಿಜಾನೇ ತಾನೇ?"

"ಇನ್ನರ್ಧ?"

"ಇನ್ನರ್ಧ ಯಾರಿಗೆ ಬೇಕು? ನೀನು ಓದು ಮುಗಿಸಬೇಕೋ ಬೇಡ್ವೋ? ಅಮ್ಮ ಡಬಲ್ ಡ್ಯೂಟಿ ಮಾಡಿ ರೋಲರ್ ಹತ್ರ ಬಿದ್ದು ಹೋದ್ರೆ ಆಗ ಏನ್ಮಾಡ್ತೀಯ?"

ಗುಬ್ಬಿ ದೊಡ್ಡಪ್ಪನ ಮುಖ ನೋಡಿದಳು. ಅವರು ಬ್ರಷ್ಷಿನ ಕೂದಲನ್ನು ಬೆರಳಿನಿಂದ ಬಿಡಿಸುತ್ತ ಕೂತಿದ್ದರು. "ಕಾಗದದ ಮೇಲೆ ತಾನೇ," ಎಂದರು. "ಕಾಗದಕ್ಕೇನು ಗೊತ್ತು? ನನ್ನ ಮೊಬೈಲ್ ನಂಬರ್ ಕೊಡು, ಮನೆ ಓನರ್ ಅಂತ. ನಿನ್ನ ದೊಡ್ಡಮ್ಮಂಗೆ ಮಾತ್ರ ಹೇಳ್ಬೇಡಿ."

"ನಾವೇ ಬಾಡಿಗೆಗೆ ಇದೀವಿ. ಇವಳು ನಮಗೆ ಬಾಡಿಗೆ!" ಎಂದು ಅಜ್ಜಿ ಮಂಚದ ಮೇಲಿಂದ ನಕ್ಕಳು. ಬೇಡದ ಮಾತೆಲ್ಲ ಅವಳಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಅರ್ಜಿ ಹೋಯಿತು.

ಒಂದೆರಡು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಸೋಮವಾರ ದೊಡ್ಡಪ್ಪ ಮೊಬೈಲನ್ನು ಚಾರ್ಜಿಗೆ ಹಾಕಿ ಮರೆತು ಕೆಲಸಕ್ಕೆ ಹೋದರು. ದೊಡ್ಡಮ್ಮನಿಗೆ ಅಂದು ರಜೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವಳು ಮೊಬೈಲ್ ಬಡಿದುಕೊಳ್ಳುವುದು ನಿಲ್ಲದ್ದರಿಂದ ಕೈ ಒರೆಸಿಕೊಂಡು ಎತ್ತಿದಳು.

"ಮನೆ ಓನರಾ? ನಿಮ್ಮಲ್ಲಿ ಒಬ್ಬ ವಿದ್ಯಾರ್ಥಿನಿ ಬಾಡಿಗೆಗೆ ಇದಾರಲ್ಲ," ಎಂದು ಒಬ್ಬ ಹೆಂಗಸಿನ ದನಿ ಗುಬ್ಬಿಯ ಪೂರ್ತಿ ಹೆಸರು ಹೇಳಿತು.

"ಬಾಡಿಗೆಗಾ? ಇಲ್ಲಮ್ಮ, ರಾಂಗ್ ನಂಬರು..." ಎಂದವಳು ಅರ್ಧಕ್ಕೇ ನಿಂತಳು. ಆ ಹೆಸರಿನವಳು ಊರಿಗೆಲ್ಲ ಒಬ್ಬಳೇ. "ಯಾವ ಆಫೀಸಿಂದ ಮಾತಾಡ್ತಿರೋದು?"

ದನಿ ಹೇಳಿತು. ದೊಡ್ಡಮ್ಮನಿಗೆ ಎಲ್ಲ ಅರ್ಥವಾಯಿತು.

"ಹೌದು," ಎಂದಳು. "ಇದಾಳೆ. ಬಾಡಿಗೆಗೆ."

"ಅವರ ಕಡೆಯವರು ಯಾರಾದ್ರೂ ಬಂದು ಹೋಗೋದುಂಟಾ?"

"ಯಾರೂ ಬರಲ್ಲ."

"ಹುಡುಗಿ ಹೇಗೆ?"

"ಒಳ್ಳೆ ಹುಡುಗಿ. ತುಂಬ ಒಳ್ಳೆ ಹುಡುಗಿ."

ಅಜ್ಜಿ ಆಮೇಲೆ ಹೇಳಿದ್ದು ಇಷ್ಟು: ಮೊಬೈಲ್ ಇಟ್ಟ ಮೇಲೆ ಅವಳು ಮತ್ತೆ ಚಾಕು ಹಿಡಿದು ಕೂತಳು, ಸಿಪ್ಪೆ ತೆಗೆದ ಆಲೂಗಡ್ಡೆಯನ್ನೇ ಮತ್ತೆ ಮತ್ತೆ ಹೆರೆಯುತ್ತಿದ್ದಳು.

ಸಂಜೆ ಗುಬ್ಬಿ ಬಂದು ಚಪ್ಪಲಿ ಬಿಟ್ಟಳು. ಅಡುಗೆಮನೆಯಿಂದ ದೊಡ್ಡಮ್ಮನ ದನಿ ಬಂತು, "ಬಂದ್ರಾ? ಟೀ ಕುಡೀತೀರಾ?"

ಹಿಂದೆ ಯಾರೋ ನೆಂಟರು ಬಂದಿರಬೇಕೆಂದು ಗುಬ್ಬಿ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು," ಎಂದಳು ದೊಡ್ಡಮ್ಮ. ಟೀ ತಂದು ಮೇಜಿನ ಮೇಲಿಟ್ಟು, ಅತಿಥಿಗಳಿಗೆ ಇಡುವ ಹಾಗೆ ಕಪ್ಪಿನ ಕಿವಿಯನ್ನು ಅವಳ ಕಡೆಗೆ ತಿರುಗಿಸಿ, ಒಳಗೆ ಹೋದಳು.

ಅಂದಿನಿಂದ ಮನೆಯಲ್ಲಿ ಗುಬ್ಬಿಗೆ ಬಹುವಚನ ಶುರುವಾಯಿತು. ನೀವು ಸ್ನಾನ ಮಾಡ್ತೀರಾ, ನಿಮ್ಮ ಬಟ್ಟೆ ಮಡಚಿಟ್ಟಿದೀನಿ, ನಿಮಗೆ ಅನ್ನ ಸಾಕಾ. ಗುಬ್ಬಿ ಪಾತ್ರೆ ತೊಳೆಯಲು ಎದ್ದರೆ, "ಬಿಡಿ, ನೀವು ಯಾಕೆ ಮಾಡ್ತೀರಿ? ಬಾಡಿಗೆ ಕೊಡೋರು," ಎಂದು ಕೈಯಿಂದ ಪಾತ್ರೆ ಕಸಿದುಕೊಳ್ಳುತ್ತಿದ್ದಳು. ಒಂದು ಸಲ ಗದರಿದ್ದರೂ, ಎರಡು ಬಾರಿಸಿದ್ದರೂ ಗುಬ್ಬಿ ಸಹಿಸುತ್ತಿದ್ದಳು. ಈ ಮರ್ಯಾದೆ ಸಹಿಸಲಿಕ್ಕಾಗಲಿಲ್ಲ. ಎರಡು ದಿನ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಹೋದಳು.

ಮೂರನೆಯ ದಿನ ರಾತ್ರಿಯ ಊಟಕ್ಕೆ ಎಲ್ಲರೂ ಇದ್ದರು. ಅಣ್ಣನಿಗೆ ತಡೆಯಲಾಗಲಿಲ್ಲ.

"ಅಮ್ಮ, ಸಾಕು ಮಾಡು ನಿನ್ನ ನಾಟಕ. ಅವಳದೇನೂ ತಪ್ಪಿಲ್ಲ. ಬರಿ ಅಂದಿದ್ದು ನಾನು."

"ಗೊತ್ತು. ಅಷ್ಟು ದೊಡ್ಡ ಬುದ್ಧಿ ಈ ಮನೇಲಿ ಇನ್ಯಾರಿಗಿದೆ?"

"ಹಾಗಾದ್ರೆ ನೀನೇ ಹೇಳು, ದುಡ್ಡು ಎಲ್ಲಿಂದ ತರೋದು? ನನ್ನ ವ್ಯಾನ್ ಅಂತೂ ಹೋಯ್ತು. ಹೋಗ್ಲಿ, ಅದಕ್ಕೆ ನಾನು ಒಂದು ಮಾತಾಡಿದೀನಾ?"

"ಈಗ ಆಡಿದೆಯಲ್ಲ!"

"ಒಂದು ಸುಳ್ಳಿಗೆ ಇಷ್ಟು ರಾದ್ಧಾಂತಾನಾ?"

ದೊಡ್ಡಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. "ಸುಳ್ಳಿಗಲ್ಲ ಕಣೋ. ಬಡವರು ನೂರು ಸುಳ್ಳು ಹೇಳ್ತಾರೆ, ನಾನೂ ಹೇಳಿದೀನಿ. ನನ್ನನ್ನ ಒಂದು ಮಾತು ಕೇಳಲಿಲ್ಲ ನೀವು. ಕೇಳದೆ ನನ್ನನ್ನ ಅಳಿಸಿ ಹಾಕಿದ್ರಿ. ಆಮೇಲೆ ಅದನ್ನ ನನ್ನ ಬಾಯಲ್ಲೇ ಹೇಳಿಸಿದ್ರಿ. ಅವಳ ಕಡೆಯವರು ಯಾರೂ ಬರಲ್ಲ ಅಂತ ನಾನೇ ಹೇಳಿದೆ. ನಾನೇ!"

ದೊಡ್ಡಪ್ಪ ತಲೆ ಎತ್ತಲಿಲ್ಲ. "ನಾನೂ ಒಪ್ಪಿದ್ದೆ," ಎಂದರು ಮೆಲ್ಲಗೆ. "ಬೈಯೋದಾದ್ರೆ ನನಗೂ ಸೇರಿಸಿ ಬೈಯಿ."

"ನಿಮಗೆ ಬೈದು ಏನು ಬಂತು? ಮೊಬೈಲ್ ಕೂಡ ನೆಟ್ಟಗೆ ಜೇಬಲ್ಲಿ ಇಟ್ಕೊಳ್ಳೋಕೆ ಬರಲ್ಲ ನಿಮಗೆ."

ಅಜ್ಜಿಗೆ ನಗು ಬಂದು, ಸಮಯವಲ್ಲವೆಂದು ಗೊತ್ತಾಗಿ, ಕೆಮ್ಮಿದಳು.

ಗುಬ್ಬಿ ಎದ್ದು ಕೈ ತೊಳೆದಳು. "ನಾಳೆ ಹೋಗಿ ಅರ್ಜಿ ವಾಪಸ್ ತಗೊಂಡು ಬರ್ತೀನಿ," ಎಂದಳು.

"ಹುಚ್ಚು ಹಿಡಿದಿದ್ಯಾ? ಆಗೋ ಕೆಲಸನ ಕೈಯಾರೆ ಕೆಡಿಸ್ತೀಯಾ?" ಎಂದು ಅಣ್ಣ ಕೂಗಿದ. "ಓದು ನಿಂತು ಹೋಗುತ್ತೆ!"

"ನಿಂತ್ರೆ ನಿಲ್ಲಲಿ. ದೊಡ್ಡಮ್ಮ ನನ್ನ ಹತ್ರ ಹಿಂಗೆ ಮಾತಾಡ್ತಾ ಇದ್ರೆ ನಾನು ಹೇಗೂ ಓದಕ್ಕಾಗಲ್ಲ."

ದೊಡ್ಡಮ್ಮ ಆ ಕಡೆ ತಿರುಗಿ ಪಾತ್ರೆ ಉಜ್ಜತೊಡಗಿದಳು.

ನೆರವಿನ ಕಚೇರಿಯ ಅಧಿಕಾರಿ ನೆಗಡಿಯಾಗಿದ್ದ ಒಬ್ಬ ನಡುವಯಸ್ಸಿನ ಹೆಂಗಸು. ಮೇಜಿನ ತುಂಬ ಫೈಲು, ಫೈಲಿನ ಮೇಲೆ ಕಚ್ಚಿಟ್ಟ ಬ್ರೆಡ್ಡು. ಗುಬ್ಬಿ ನಿಂತುಕೊಂಡೇ ಎಲ್ಲ ಹೇಳಿದಳು. ಬಾಯಿಪಾಠ ಮಾಡಿಕೊಂಡು ಹೋಗಿದ್ದು ಎರಡನೇ ವಾಕ್ಯಕ್ಕೇ ಮರೆತುಹೋಯಿತು. "ನನಗೆ ಎಲ್ಲರೂ ಇದಾರೆ ಮೇಡಂ," ಎಂದುಬಿಟ್ಟು ಅಳತೊಡಗಿದಳು.

ಅಧಿಕಾರಿ ಅವಳನ್ನು ಕೂರಿಸಿ, ತನ್ನ ಮೂಗು ಒರೆಸಿಕೊಳ್ಳುವ ಕಾಗದವನ್ನೇ ಅವಳ ಮುಂದೆ ತಳ್ಳಿದಳು.

"ಫೋನಲ್ಲಿ ಮಾತಾಡಿದ್ದು ನಿಮ್ಮ ದೊಡ್ಡಮ್ಮನಾ?"

"ಹೂಂ."

"ಮನೆ ಓನರು ಬಾಡಿಗೆಯೋರನ್ನ ಅಷ್ಟು ಹೊಗಳಿದ್ದು ನಾನು ಕೇಳಿರಲಿಲ್ಲ," ಎಂದಳು ಅಧಿಕಾರಿ. ಆಮೇಲೆ ಮುಖ ಬಿಗಿ ಮಾಡಿಕೊಂಡಳು. "ನೋಡಮ್ಮ, ಸುಳ್ಳು ಹೇಳಿದ್ದು ನಾವೇ ಕಂಡುಹಿಡಿದಿದ್ರೆ ಓದು ಮುಗಿಯೋವರೆಗೂ ನೀನು ಇಲ್ಲಿ ಅರ್ಜಿ ಹಾಕೋ ಹಾಗಿರಲಿಲ್ಲ. ನೀನಾಗೇ ಬಂದಿದೀಯ. ವಾಪಸ್ ತಗೊಂಡಿದಾಳೆ ಅಂತ ಬರೀತೀನಿ. ಈಗ ನಿಜ ಹೇಳು. ಮನೇಲಿ ಯಾರು ದುಡೀತಾರೆ?"

ಗುಬ್ಬಿ ಹೇಳಿದಳು. ದೊಡ್ಡಪ್ಪನ ಭುಜದ ವಿಷಯ ಬಂದಾಗ ಅಧಿಕಾರಿ ಬರೆಯುವುದನ್ನು ನಿಲ್ಲಿಸಿದಳು.

"ಇದನ್ನ ಯಾಕೆ ಮೊದಲೇ ಹೇಳಲಿಲ್ಲ? ಈ ವರ್ಷ ಸಂಪಾದನೆ ಬಿದ್ದು ಹೋಗಿದ್ರೆ ಹೋದ ವರ್ಷದ್ದನ್ನ ನೋಡಲ್ಲ ನಾವು. ಅದಕ್ಕೆ ಬೇರೆ ದಾರಿ ಇದೆ. ಪೂರ್ತಿ ಸಿಗಲ್ಲ, ಆದರೆ ಸಿಗುತ್ತೆ. ಡಾಕ್ಟರ್ ಸರ್ಟಿಫಿಕೇಟ್ ಬೇಕು. ತಿಂಗಳ ಕೊನೆಯೊಳಗೆ ತಾ."

ಮನೆಗೆ ಬಂದಾಗ ದೊಡ್ಡಮ್ಮ ಆಗಷ್ಟೇ ಡ್ಯೂಟಿಯಿಂದ ಬಂದು ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಗುಬ್ಬಿ ಎದುರಿಗೆ ಕೂತು ನಡೆದದ್ದೆಲ್ಲ ಹೇಳಿದಳು. ದೊಡ್ಡಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

"ಆಫೀಸಲ್ಲಿ ಅತ್ತುಬಿಟ್ಯಾ?"

"ಸ್ವಲ್ಪ."

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"

"ಇಲ್ಲ."

"ಹೊಟ್ಟೆಗೆ ಇಲ್ದೆ ಅಳೋಕೆ ಹೋಗಿದ್ಲಂತೆ, ಪೆದ್ದಿ. ಏಳು, ಕೈ ತೊಳ್ಕೊ."

"ಅಬ್ಬ, ಬಾಡಿಗೆಯೋಳು ಮನೆ ಖಾಲಿ ಮಾಡಿದ್ಲು!" ಎಂದಳು ಅಜ್ಜಿ. ಎರಡು ದಿನದ ಊಟವನ್ನು ಗುಬ್ಬಿ ಅಂದು ಒಂದೇ ಸಲಕ್ಕೆ ಉಂಡಳು.

ಆದರೆ ಸರ್ಟಿಫಿಕೇಟ್ ಎಂದ ಕೂಡಲೇ ದೊಡ್ಡಪ್ಪನ ಮುಖ ಬಾಡಿತು.

"ಕೈ ಏಳಲ್ಲ ಅಂತ ಡಾಕ್ಟರ್ ಬರೆದುಕೊಟ್ರೆ ನಾಳೆ ಯಾವ ಕಾಂಟ್ರಾಕ್ಟರ್ ನನ್ನ ಕರೀತಾನೆ? ಈಗ ಅರ್ಧ ಗೋಡೆನಾದ್ರೂ ಇದೆ."

"ಕಾಂಟ್ರಾಕ್ಟರಿಗೆ ಯಾರು ತೋರಿಸ್ತಾರೆ ಅದನ್ನ?" ಎಂದ ಅಣ್ಣ.

"ಸುದ್ದಿಗೆ ಕಾಲು ಬೇಕಾಗಿಲ್ಲ. ನಿಮಗೆ ಗೊತ್ತಾಗಲ್ಲ, ಬಿಡಿ."

ಗುಬ್ಬಿ ಒತ್ತಾಯಿಸಲಿಲ್ಲ. ಯಾರೂ ಒತ್ತಾಯಿಸಬಾರದೆಂದು ದೊಡ್ಡಮ್ಮ ಎಲ್ಲರಿಗೂ ಕಣ್ಣಲ್ಲೇ ಹೇಳಿದಳು. ದಿನಗಳು ಹೋದವು. ದೊಡ್ಡಪ್ಪ ಬೆಳಿಗ್ಗೆ ಡಬ್ಬ ಬ್ರಷ್ಷು ಹಿಡಿದು ಹೋಗುತ್ತಿದ್ದರು, ಸಂಜೆ ಭುಜ ಹಿಡಿದುಕೊಂಡು ಬರುತ್ತಿದ್ದರು. ಅಂಗಿ ತೆಗೆಯುವಾಗ ಅವರಿಗೆ ಯಾರಾದರೂ ತೋಳು ಎಳೆದುಕೊಡಬೇಕಿತ್ತು. ಒಂದು ಸಂಜೆ ಗುಬ್ಬಿ ತೋಳು ಎಳೆಯುತ್ತಿರುವಾಗ, ಅಂಗಿಯೊಳಗೆ ತಲೆ ಸಿಕ್ಕಿಕೊಂಡ ಹಾಗೆಯೇ ಅವರು ಕೇಳಿದರು:

"ಆ ಮೇಡಂ ಕೊನೇ ದಿನ ಯಾವತ್ತು ಅಂದಿದ್ರು?"

"ಬರೋ ಶುಕ್ರವಾರ."

"ಹಾಗಾದ್ರೆ ನಾಳೆ ಹೋಗೋಣ ಆಸ್ಪತ್ರೆಗೆ. ನಿನ್ನ ದೊಡ್ಡಮ್ಮನೂ ಅಲ್ಲೇ ಇರ್ತಾಳೆ."

ಆಸ್ಪತ್ರೆಯಲ್ಲಿ ಡಾಕ್ಟರ್ ಒಬ್ಬ ಚಿಕ್ಕ ವಯಸ್ಸಿನವನು. "ಕೈ ಎತ್ತಿ ಸಾರ್, ಎಷ್ಟಾಗುತ್ತೋ ಅಷ್ಟು," ಎಂದ. ಇಷ್ಟು ತಿಂಗಳು ಹೊರಗಿನವರ ಮುಂದೆ ಏನೇನೋ ನೆಪ ಹೇಳಿ ಕೈಯನ್ನು ಬಚ್ಚಿಟ್ಟಿದ್ದ ದೊಡ್ಡಪ್ಪ ಮೊದಲ ಸಲ ಬಚ್ಚಿಡದೆ ಎತ್ತಿದರು. ಅದು ಎದೆಯವರೆಗೆ ಬಂದು ನಡುಗಿ ನಿಂತಿತು. ಕೆಲಸದ ನಡುವೆ ಓಡಿಬಂದಿದ್ದ ದೊಡ್ಡಮ್ಮ ಬಾಗಿಲ ಹತ್ತಿರ ನಿಂತು ನೋಡಿದಳು. ಇಷ್ಟೊಂದು ಕೆಟ್ಟಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

"ಇಷ್ಟು ದಿನ ಹೇಗೆ ಬಣ್ಣ ಬಳಿದ್ರಿ?" ಎಂದ ಡಾಕ್ಟರ್.

"ಕೆಳಗಡೆ," ಎಂದರು ದೊಡ್ಡಪ್ಪ.

ಸರ್ಟಿಫಿಕೇಟಿನ ಜೊತೆ ಡಾಕ್ಟರ್ ಭುಜಕ್ಕೆ ವ್ಯಾಯಾಮವನ್ನೂ ಬರೆದುಕೊಟ್ಟ. ದಿನಾ ಸಂಜೆ ಗೋಡೆಗೆ ಬೆರಳೂರಿ ಮೇಲಕ್ಕೆ ಹತ್ತಿಸಬೇಕು. ಅಜ್ಜಿಗೆ ಹೊಸ ಕೆಲಸ ಸಿಕ್ಕಿತು. ಮಂಚದ ಮೇಲೆ ಕೂತು, "ಇನ್ನೂ ಮೇಲೆ, ಇನ್ನೂ ಮೇಲೆ, ಕಳ್ಳ!" ಎಂದು ಮಗನನ್ನು ಗದರುತ್ತಿದ್ದಳು. ಅಣ್ಣ ತನ್ನ ಸಂಬಳದ ಕಾಗದವನ್ನು ಬೇಕರಿಯವರಿಂದ ಬರೆಸಿಕೊಂಡು ಬಂದು, ಗುಬ್ಬಿಯ ಪುಸ್ತಕದ ಮೇಲಿಟ್ಟ.

"ಇದು ಬೇಕಾಗುತ್ತೆ ಅಂತ ನಿಂಗೆ ಯಾರು ಹೇಳಿದ್ರು?"

"ಅಣ್ಣ ಅಂತ ಬರೆದ ಮೇಲೆ ಅಣ್ಣನ ಸಂಬಳ ಕೇಳಲ್ವಾ? ಈ ಸಲ ನನ್ನ ಹೆಸರು ಬಿಡಬೇಡ, ಆಮೇಲೆ ನಾನೂ ನಿನ್ನ ನೀವು ಅಂತೀನಿ."

ಕಾಗದಗಳೆಲ್ಲ ಗುರುವಾರವೇ ಕಚೇರಿ ಸೇರಿದವು. ಕಾಂಟ್ರಾಕ್ಟರಿಗೂ ಸುದ್ದಿ ಮುಟ್ಟಿತು. ದೊಡ್ಡಪ್ಪ ಹೆದರಿದ್ದು ಸುಳ್ಳಾಗಲಿಲ್ಲ. ಮುಂದಿನ ಕೆಲಸಕ್ಕೆ ಅವನು ಕರೆಯಲಿಲ್ಲ. ಒಂದು ವಾರ ಅವರು ಮನೆಯಲ್ಲೇ ಕೂತು ಬಾಗಿಲು ಕಿಟಕಿಗಳ ಕೀಲಿಗೆಲ್ಲ ಎಣ್ಣೆ ಬಿಟ್ಟರು, ಎಣ್ಣೆ ಬಿಡಲು ಇನ್ನೇನೂ ಉಳಿಯದಾದಾಗ ಎದ್ದು ತಾವು ಯಾವಾಗಲೂ ಬಣ್ಣ ಕೊಳ್ಳುತ್ತಿದ್ದ ಅಂಗಡಿಗೆ ಹೋಗಿ ಕೆಲಸ ಕೇಳಿದರು. ಅಂಗಡಿಯವನು ಬಣ್ಣ ಬೆರೆಸಿಕೊಡುವ ಕೌಂಟರಿಗೆ ಹಾಕಿಕೊಂಡ. ಸಂಬಳ ಕಡಿಮೆ, ಆದರೆ ಕೈ ಎತ್ತುವ ಕೆಲಸವಿಲ್ಲ. "ಇಷ್ಟು ವರ್ಷ ನನ್ನ ಹತ್ರ ಚೌಕಾಸಿ ಮಾಡಿ ನನ್ನ ತಲೆ ತಿಂದ್ಯಲ್ಲ. ಇನ್ಮೇಲೆ ಬೇರೆಯೋರು ನಿನ್ನ ತಲೆ ತಿನ್ನಲಿ," ಎಂದನಂತೆ ಅಂಗಡಿಯವನು. ಇದನ್ನು ದೊಡ್ಡಪ್ಪ ಊಟದ ಹೊತ್ತಿಗೆ ಎರಡು ಸಲ ಹೇಳಿ ನಕ್ಕರು.

ನೆರವಿನ ಕಚೇರಿಯಿಂದ ಉತ್ತರ ಬಂದದ್ದು ಇನ್ನೂ ಮೂರು ವಾರ ಕಳೆದ ಮೇಲೆ. ಅರ್ಧ ಫೀಸು ಮನ್ನಾ, ಉಳಿದರ್ಧವನ್ನು ಕಂತಿನಲ್ಲಿ ಕಟ್ಟಬಹುದು, ಪುಸ್ತಕಕ್ಕೆಂದು ತಿಂಗಳು ತಿಂಗಳು ಒಂದಿಷ್ಟು. ಗುಬ್ಬಿ ಓದಿ ಹೇಳಿದಾಗ ದೊಡ್ಡಮ್ಮ, "ಇನ್ನೊಂದು ಸಲ ಓದು," ಎಂದಳು. ಮತ್ತೆ ಓದಿದ ಮೇಲೆ ಕಣ್ಣು ಮುಚ್ಚಿ, "ಆ ಮೇಡಂ ನೂರು ವರ್ಷ ಚೆನ್ನಾಗಿರಲಿ," ಎಂದಳು.

ಗುಬ್ಬಿಗೆ ಮನೆಯವರಿಗೂ ಏನಾದರೂ ಹೇಳಬೇಕೆನಿಸಿತು. ಎದ್ದು ನಿಂತು, "ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್..." ಎಂದು ಶುರುಮಾಡಿದಳು. ಎಲ್ಲರೂ ಗಾಬರಿಯಾಗಿ ಅವಳ ಮುಖ ನೋಡಿದರು.

"ಏನಾಯ್ತೇ ಇವಳಿಗೆ?" ಎಂದಳು ಅಜ್ಜಿ.

"ಥ್ಯಾಂಕ್ಸ್ ಎಲ್ಲ ಆಫೀಸ್‌ನೋರಿಗೆ ಹೇಳು. ಇಲ್ಲಿ ಕುಡಿಯೋ ನೀರು ಖಾಲಿಯಾಗಿದೆ, ಹಿಡಿದಿಡು," ಎಂದರು ದೊಡ್ಡಪ್ಪ. ಆದರೆ ನೀರು ಹಿಡಿಯಲು ಅವಳ ಹಿಂದೆಯೇ ಎದ್ದು ಬಂದು, ಎಡಗೈಯಲ್ಲಿ ಕೊಡದ ಒಂದು ಬದಿಯನ್ನು ಎತ್ತಿಕೊಟ್ಟರು.

ಒಂದು ಸಹಿ ಬಾಕಿಯಿತ್ತು. ಪೋಷಕರು ಕಚೇರಿಗೆ ಬಂದು ಹಾಕಬೇಕು. ದೊಡ್ಡಮ್ಮ ಮಧ್ಯಾಹ್ನದ ಡ್ಯೂಟಿಗೆ ಬದಲಾಯಿಸಿಕೊಂಡಳು. ತಾವೂ ಬರುವುದಾಗಿ ದೊಡ್ಡಪ್ಪ ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿದರು. ಹೇಗೂ ಆ ಕಡೆಯೇ ಬ್ರೆಡ್ಡು ಇಳಿಸಲಿಕ್ಕಿದೆ ಎಂದು ಅಣ್ಣ ವ್ಯಾನ್ ತಂದ. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಅಜ್ಜಿ ಎಲ್ಲರಿಗಿಂತ ಮೊದಲೇ ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಳು.

ಅಧಿಕಾರಿಯ ಕೋಣೆಯಲ್ಲಿ ಎರಡೇ ಕುರ್ಚಿ. ಅಣ್ಣ ಹೊರಗಿನಿಂದ ಒಂದು ಬೆಂಚು ಎಳೆದು ತಂದ. ಬ್ರೆಡ್ಡಿನ ವ್ಯಾನಿನಲ್ಲಿ ಬಂದಿದ್ದರಿಂದ ಎಲ್ಲರ ಮೈಯೂ ಬ್ರೆಡ್ಡಿನ ವಾಸನೆ ಹೊಡೆಯುತ್ತಿತ್ತು. ಅಧಿಕಾರಿ ಒಬ್ಬೊಬ್ಬರನ್ನೇ ನೋಡಿ, ದೊಡ್ಡಮ್ಮನ ಹತ್ತಿರ ಬಂದು ನಿಂತಳು.

"ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ?"

"ತಪ್ಪಾಯ್ತು ಮೇಡಂ."

"ಒಳ್ಳೆ ಹುಡುಗಿ ಅಂತ ಕೊನೇ ಮಾತೊಂದು ನಿಜ ಹೇಳಿದ್ರಲ್ಲ, ಬಿಡಿ. ಇಲ್ಲಿ ಸಹಿ ಹಾಕಿ."

ದೊಡ್ಡಮ್ಮ ಪೆನ್ನು ತೆಗೆದುಕೊಂಡಳು. ದೊಡ್ಡಪ್ಪ ಕೂಡ ಕೈ ಮುಂದೆ ಮಾಡಿದರು. ಇದ್ದದ್ದು ಒಂದೇ ಗೆರೆ.

"ಮೊದಲು ನಾನು ಹಾಕ್ತೀನಿ ರೀ."

"ಸರ್ಟಿಫಿಕೇಟು ನನ್ನದು ಕಣೇ."

"ಅವಳು ನನ್ನ ತಂಗಿ ಮಗಳು."

"ಸ್ಕೂಲಿಗೆ ಸೈಕಲ್ ಮೇಲೆ ಬಿಟ್ಟು ಬಂದೋನು ನಾನು."

"ಜಗಳ ಆಡಬೇಡಿ, ಇಬ್ಬರೂ ಹಾಕಿ," ಎಂದು ಅಧಿಕಾರಿ ಕಾಗದವನ್ನು ಅವರ ಕಡೆಗೆ ತಿರುಗಿಸಿಕೊಟ್ಟಳು. ದೊಡ್ಡಮ್ಮ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹಾಕಿದಳು. ದೊಡ್ಡಪ್ಪ ಅದರ ಪಕ್ಕದಲ್ಲಿ ಹಾಕಿದರು. "ಹೆಬ್ಬೆಟ್ಟು ಆಗುತ್ತಾ?" ಎಂದು ಅಜ್ಜಿ ಬೆಂಚಿನಿಂದ ಕೇಳಿದಾಗ ಅಧಿಕಾರಿ ಗಟ್ಟಿಯಾಗಿ ನಕ್ಕು, ನೆಗಡಿ ಮರುಕಳಿಸಿ, ಸೀನತೊಡಗಿದಳು.

ಹೊರಗೆ ಬಂದ ಮೇಲೆ ದೊಡ್ಡಮ್ಮನಿಗೆ ಡ್ಯೂಟಿಗೆ ಹೊತ್ತಾಗಿತ್ತು. ಗುಬ್ಬಿಯ ಕೆನ್ನೆಗೆ ಹತ್ತಿದ್ದ ಹಿಟ್ಟನ್ನು ಹೆಬ್ಬೆರಳಿಂದ ಉಜ್ಜಿ, "ಓಡು, ಕ್ಲಾಸು ಶುರುವಾಗಿರುತ್ತೆ," ಎಂದಳು. ವ್ಯಾನ್ ತಿರುವು ದಾಟುವವರೆಗೆ ಗುಬ್ಬಿ ಮೆಟ್ಟಿಲ ಮೇಲೆ ನಿಂತಿದ್ದಳು. ಆಮೇಲೆ ಓಡಿದಳು.

ಕ್ಲಾಸು ಅರ್ಧ ಮುಗಿದಿತ್ತು. ಪಾಠ ಮಾಡುತ್ತಿದ್ದವರು ಕನ್ನಡಕದ ಮೇಲಿಂದ ನೋಡಿದರು.

"ಯಾಕಮ್ಮ ಇಷ್ಟು ತಡ?"

"ನಮ್ಮನೆಯೋರು ಬಂದಿದ್ರು ಸಾರ್."

ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, "ಮದುವೆಗೆ ಕರೀಲೇ ಇಲ್ಲ!" ಎಂದರು. ಮೇಷ್ಟರೂ ನಗು ತಡೆದುಕೊಂಡು, "ಎಷ್ಟು ಜನ ಬಂದಿದ್ರಮ್ಮ ನಿಮ್ಮನೆಯೋರು?" ಎಂದು ಕೇಳಿದರು.

ಗುಬ್ಬಿ ತಾನೂ ನಗುತ್ತ, ಇನ್ನೂ ಏದುಸಿರು ಬಿಡುತ್ತ, ಬಾಗಿಲಲ್ಲೇ ನಿಂತು ಹೇಳಿದಳು:

"ಎಲ್ಲರೂ ಸಾರ್. ಎಲ್ಲರೂ ಬಂದಿದ್ರು."